ಮಗಳ ಪ್ರೊಫೈಲು, ಅಣ್ಣನ ಪಾಸ್‌ವರ್ಡು

ಮಗಳ ಮದುವೆ ಗೊತ್ತಾಗಿ ಇನ್ನೂ ವಾರವಾಗಿರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಇನ್ನೇನು ಕಾಲು ಚಾಚಬೇಕು, ಜೆ.ಪಿ. ನಗರದಿಂದ ಫೋನು. ನನಗೆ ಬೀಗಿತ್ತಿಯಾಗಲಿರುವವರದು. ದನಿ ಎಂದಿನಂತೆ ಮೆತ್ತಗಿತ್ತು.

"ಬೇಜಾರ್ ಮಾಡ್ಕೋಬೇಡಿ. ಮ್ಯಾಟ್ರಿಮೋನಿಯಲ್ಲಿ ನಿಮ್ಮ ಮಗಳ ಪ್ರೊಫೈಲ್ ಇನ್ನೂ ಇದೆಯಂತಲ್ಲ? ನಮ್ಮ ನಾದಿನಿ ಮಗನಿಗೆ ಅದರಿಂದ ಮೊನ್ನೆ ಇಂಟರೆಸ್ಟ್ ಬೇರೆ ಬಂದಿದೆ. ಇನ್ನೂ ಹುಡುಕ್ತಿದಾರಾ ಅಂತ ನಮ್ಮನೇಲಿ ಕೇಳ್ತಿದಾರೆ. ಹಾಗೇನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ."

"ಅಯ್ಯಯ್ಯೋ, ಖಂಡಿತ ಇಲ್ಲ, ಈಗ್ಲೇ ತೆಗೀತೀನಿ" ಎಂದು ಫೋನಿಟ್ಟೆ. ಬಂದ ಹುಡುಗರಿಗೆಲ್ಲ ಮೂಗು ಮುರಿದು ನನ್ನ ತಲೆಗೂದಲು ಬೆಳ್ಳಗೆ ಮಾಡಿದವಳು ನನ್ನ ಮಗಳು. ಕೊನೆಗೆ ಈ ಹುಡುಗನ ಜೊತೆ ಜಯನಗರದಲ್ಲಿ ಕಾಫಿ ಕುಡಿದು ಬಂದು, ಚಪ್ಪಲಿ ಬಿಡುತ್ತಲೇ "ಅಮ್ಮಾ, ಇವ್ನು ಓಕೆ" ಅಂದಿದ್ದಳು. ಆವತ್ತಿನಿಂದ ಮನೆ ತುಂಬ ಏನೋ ಗುನುಗುತ್ತ ಓಡಾಡುತ್ತಿದ್ದಳು. ಯಾರೋ ಒತ್ತಿದ ಒಂದು ಗುಂಡಿಯಿಂದ ಈ ಸಂಬಂಧ ತಪ್ಪಿಹೋದರೆ ಅವಳಿಗೆ ನಾನು ಯಾವ ಮುಖ ತೋರಿಸಲಿ?

ಪಾಸ್‌ವರ್ಡುಗಳನ್ನೆಲ್ಲ ನೆನಪಿಟ್ಟುಕೊಳ್ಳುವ ಆ್ಯಪನ್ನು ಅವಳೇ ನನ್ನ ಫೋನಿಗೆ ಹಾಕಿಕೊಟ್ಟಿದ್ದಳು. "ಇನ್ಮೇಲೆ ನೀನು ಏನೂ ತಲೆ ಕೆಡಿಸ್ಕೋಬೇಡಮ್ಮ, ಎಲ್ಲಾ ಇದೇ ನೋಡ್ಕೊಳತ್ತೆ." ನೋಡಿಕೊಂಡಿತು, ನನ್ನ ತಲೆ! ಮ್ಯಾಟ್ರಿಮೋನಿ ಸೈಟು ತೆರೆದ ಕೂಡಲೇ ಪಾಸ್‌ವರ್ಡಿನ ಜಾಗದಲ್ಲಿ ಸಾಲಾಗಿ ಚುಕ್ಕೆ ತುಂಬಿತು. ಒತ್ತಿದೆ. ಪಾಸ್‌ವರ್ಡ್ ತಪ್ಪು ಎಂದಿತು ಸೈಟು. ಮತ್ತೆ ಒತ್ತಿದರೆ ಮತ್ತೆ ಅದೇ ಚುಕ್ಕೆ, ಮತ್ತೆ ತಪ್ಪು. ಹೀಗೇ ಒತ್ತುತ್ತ ಹೋದೆ. ಸೈಟಿಗೆ ಬೇಸರವಾಗಿ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದು ಬಾಗಿಲು ಹಾಕಿಕೊಂಡಿತು. ಆ್ಯಪಿಗೆ ಮಾತ್ರ ಒಂದು ಚೂರೂ ಅನುಮಾನವಿಲ್ಲ.

ಯಾರೋ ಪಾಸ್‌ವರ್ಡ್ ಬದಲಾಯಿಸಿದ್ದರು. ಬೇರೆ ಮನೆಯಲ್ಲಿ ಕೂತು ಬದಲಾಯಿಸಿದರೆ ನನ್ನ ಫೋನಿನಲ್ಲಿರುವ ಇದಕ್ಕೆ ಹೇಗೆ ಗೊತ್ತಾಗಬೇಕು? ನಮ್ಮಲ್ಲಿ ಗಂಡು ಹುಡುಕುವುದು ಇಡೀ ಮನೆತನದ ಕೆಲಸ. ಒಂದೇ ಪಾಸ್‌ವರ್ಡ್ ನನ್ನ ಹತ್ತಿರ, ನಮ್ಮ ಚಿಕ್ಕಮ್ಮನ ಹತ್ತಿರ, ಇಟ್ಟಮಡುವಿನಲ್ಲಿರುವ ನಮ್ಮಣ್ಣನ ಹತ್ತಿರ. ಪ್ರೊಫೈಲು ಶುರು ಮಾಡಿದ್ದೇ ಅಣ್ಣ, ಹಾಗಾಗಿ ಪಾಸ್‌ವರ್ಡ್ ಬದಲಾಯಿಸಲು ಬೇಕಾದ ಓಟಿಪಿ ಹೋಗುವುದೂ ಅವನ ಫೋನಿಗೆ.

ಆ ಅಣ್ಣನೋ ನನ್ನ ಮೇಲೆ ಮುನಿಸಿಕೊಂಡು ಕೂತಿದ್ದ. ಹುಡುಗಿಯ ಸೋದರಮಾವನನ್ನು ಕೇಳಿ ಹೂಂ ಅನ್ನುವುದು ಪದ್ಧತಿ. ಅವತ್ತು ಸಂಜೆ ಹುಡುಗನ ಮನೆಯವರ ಜೊತೆ ಮಾತು ಹಾಗೇ ಕೂಡಿಬಂತು, ಹೂಂ ಅಂದುಬಿಟ್ಟೆವು, ಆಮೇಲೆ ಫೋನು ಮಾಡಿದೆ. "ಎಲ್ಲಾ ಮುಗಿಸ್ಕೊಂಡು ಹೇಳ್ತಿದೀಯಲ್ಲ, ಬಹಳ ಸಂತೋಷ" ಎಂದವನು ಅಲ್ಲಿಂದ ನನ್ನ ಫೋನೇ ಎತ್ತುತ್ತಿರಲಿಲ್ಲ. ಈಗ ಮಾಡಿದಾಗಲೂ ಎತ್ತಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಹೊಟ್ಟೆಯುರಿಗೆ ಇವನೇ ಇಂಟರೆಸ್ಟ್ ಕಳಿಸಿ, ಇವನೇ ಪಾಸ್‌ವರ್ಡ್ ಬದಲಾಯಿಸಿದ್ದಾನೆ ಎಂದು ತೀರ್ಮಾನಿಸಿ, ಪದ್ಮನಾಭನಗರದಿಂದ ಆಟೋ ಹತ್ತಿದೆ.

ಅಣ್ಣ ಬಾಗಿಲು ತೆರೆದದ್ದೇ, ನಾನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ. "ನನ್ನ ಮೇಲೆ ಸಿಟ್ಟಿದ್ರೆ ನನಗೆ ಬೈಯೋ. ಆ ಮಗು ಬಾಳು ಯಾಕೋ ಹಾಳ್ಮಾಡ್ತೀಯ?"

ಅವನು ಎಲ್ಲ ಕೇಳಿಸಿಕೊಂಡ. "ಮುಗೀತಾ? ಒಳಗ್ ಬಂದು ಕೂತ್ಕೋ" ಅಂದ. ಆಮೇಲೆ ಹೇಳಿದ. "ಇಂಟರೆಸ್ಟ್ ಒತ್ತಿದ್ದು ಚಿಕ್ಕಮ್ಮ. ದಿನಾ ಊಟ ಆದ್ಮೇಲೆ ಗಂಡುಗಳನ್ನ ನೋಡೋದು ಅವ್ರಿಗೆ ಸೀರಿಯಲ್ ನೋಡ್ದಂಗೆ. ಮದ್ವೆ ಗೊತ್ತಾದ್ರೂ ಅಭ್ಯಾಸ ಬಿಟ್ಟಿಲ್ಲ. ನನಗೆ ಮೆಸೇಜ್ ಬಂತು, ನೋಡಿ ಎದೆ ಧಸಕ್ಕಂತು. ತಕ್ಷಣ ಪಾಸ್‌ವರ್ಡ್ ಬದಲಾಯಿಸ್ಬಿಟ್ಟೆ."

"ಹಂಗಾದ್ರೆ ಪ್ರೊಫೈಲೇ ತೆಗೆದು ಹಾಕೋಕೆ ಏನಾಗಿತ್ತು ನಿಂಗೆ?"

"ನೀನು ಅವಳಮ್ಮ. ನಿನ್ನ ಕೇಳ್ದೆ ಹೇಗ್ ತೆಗೀಲಿ? ಮಾಡೋ ಮುಂಚೆ ಒಂದ್ ಮಾತು ಕೇಳ್ಬೇಕು ಅಂತ ನಂಗಾದ್ರೂ ಗೊತ್ತಲ್ಲ. ನೀನೇ ಬರ್ಲಿ ಅಂತ ಕಾಯ್ತಿದ್ದೆ."

ನಾನು ಅವನ ಪಕ್ಕ ಹೋಗಿ ಕೂತು ಫೋನು ತೆಗೆದೆ. ಅವನು ಹೊಸ ಪಾಸ್‌ವರ್ಡ್ ಒಂದೊಂದೇ ಅಕ್ಷರ ಹೇಳಿದ, ನಾನು ಒತ್ತಿದೆ. ಅಷ್ಟರಲ್ಲಿ ಸೈಟಿನ ಮುನಿಸೂ ಇಳಿದಿತ್ತು. ಪ್ರೊಫೈಲು ಅಳಿಸಿದೆ. ಎಲ್ಲ ಮುಗಿದ ಮೇಲೆ ನಮ್ಮ ಆ್ಯಪ್ ಮಹಾಶಯ ಎದ್ದು, ಹೊಸ ಪಾಸ್‌ವರ್ಡ್ ಉಳಿಸಿಕೊಳ್ಳಲೇ ಎಂದು ಕೇಳಿತು. ಬೇಡಪ್ಪಾ ತಂದೆ ಅಂದೆ.

ಇನ್ನು ಬೀಗಿತ್ತಿಗೆ ಏನು ಹೇಳುವುದು? ಚಿಕ್ಕಮ್ಮನ ಹೆಸರೆತ್ತಿದರೆ ಮದುವೆಮನೆಯಲ್ಲಿ ಅವರು ತಲೆ ಎತ್ತಿ ಓಡಾಡುವ ಹಾಗಿಲ್ಲ. ಅಣ್ಣ ನನ್ನ ಕೈಯಿಂದ ಫೋನು ತೆಗೆದುಕೊಂಡು, ಅವರಿಗೆ ಮಾಡಿ, ಸ್ಪೀಕರಿಗೆ ಹಾಕಿದ.

"ನಮಸ್ಕಾರಮ್ಮ, ನಾನು ಹುಡುಗಿ ಸೋದರಮಾವ. ಆ ಇಂಟರೆಸ್ಟ್ ಒತ್ತಿದ್ದು ನಾನೇ. ವಯಸ್ಸಾಯ್ತು ನೋಡಿ, ಕನ್ನಡಕ ಹಾಕ್ಕೊಳ್ದೆ ಎಲ್ಲೋ ಬೆರಳು ತಾಗ್ಬಿಡ್ತು. ನನ್ನ ತಂಗಿಗೆ ಗೊತ್ತೇ ಇಲ್ಲ. ಈಗ ತೆಗೆಸಿದೀನಿ. ನಿಮ್ಮ ಮನಸ್ಸಿಗೆ ನೋವಾಗಿದ್ರೆ ನನ್ನ ಬೈದ್ಬಿಡಿ."

ಆ ಕಡೆಯಿಂದ ಬೀಗಿತ್ತಿ ಜೋರಾಗಿ ನಕ್ಕರು. "ಅಯ್ಯೋ, ಅಷ್ಟೇನಾ! ನಮ್ಮ ಹುಡುಗಂದೂ ಇನ್ನೂ ತೆಗೆದಿಲ್ಲ ಸಾರ್. ಪಾಸ್‌ವರ್ಡು ಅವನ ದೊಡ್ಡಪ್ಪನ ಹತ್ರ ಇದೆ, ಅವರು ಕಾಶಿಗೆ ಹೋಗಿ ಕೂತಿದಾರೆ. ಅದ್ಸರಿ, ನಿಮ್ಮನ್ನ ಇನ್ನೂ ನೋಡೇ ಇಲ್ವಲ್ಲ. ನಿಶ್ಚಿತಾರ್ಥಕ್ಕೆ ಬರ್ತೀರ ತಾನೇ?"

ಅಣ್ಣ ನನ್ನ ಮುಖ ನೋಡಿದ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದೆ.

"ಬರ್ದೆ ಇರ್ತೀನಾ? ಹುಡುಗೀನ ಮಂಟಪಕ್ಕೆ ಕರ್ಕೊಂಡ್ ಬರೋನೇ ನಾನು" ಅಂದ.