ಒಂದು ಕಾಲು ಕಡಿಮೆ

ಏಳನೆಯ ತರಗತಿಯ ಅಂಕಪಟ್ಟಿ ಹುಡುಕುತ್ತಿದ್ದೆ. ಕೈಗೆ ಸಿಕ್ಕಿದ್ದು ಹೊಲಿಗೆ ಮಷಿನ್ನಿನ ಎಣ್ಣೆ ವಾಸನೆ ಹೊಡೆಯುವ ಹಳೆಯ ನೋಟ್‌ಬುಕ್ಕು. ಒಳಗೆಲ್ಲ ಫ್ರೆಂಚ್. ನಗಬೇಡಿ. ಸಿಂಧನೂರಿನಲ್ಲಿ ಜಂಪರ್, ಅಂದರೆ ರವಿಕೆ, ಹೊಲಿಯುವ ನಾನು ನಲವತ್ತು ದಾಟಿದ ಮೇಲೆ ಫ್ರೆಂಚ್ ಕಲಿತೆ. ಕಲಿತೆ ಎಂದರೆ ಸುಳ್ಳಾದೀತು, ಕಲಿಯಲು ಕೂತೆ.

ಮಸ್ಕಿ ಹತ್ತಿರದ ನಮ್ಮೂರ ಶಾಲೆಯಲ್ಲಿ ಉಕ್ತಲೇಖನದ ನನ್ನ ತಪ್ಪುಗಳನ್ನು ಮಾಸ್ತರು ಗಟ್ಟಿಯಾಗಿ ಓದಿಸುತ್ತಿದ್ದರು. ತರಗತಿಗೆ ತರಗತಿಯೇ ನಗುತ್ತಿತ್ತು. ಏಳನೆಯದು ಮುಗಿದದ್ದೇ ಹೊಟ್ಟೆನೋವಿನ ನೆಪ ಹೇಳಿ ಶಾಲೆ ಬಿಟ್ಟೆ. ಆಮೇಲೆ ಪೆನ್ನು ಹಿಡಿದಾಗಲೆಲ್ಲ ಆ ನೋವು ನಿಜವಾಗಿಯೇ ಬರತೊಡಗಿತು.

ಅಂಗಡಿಯಲ್ಲಿ ಆಗ ನನ್ನ ಪಕ್ಕದ ಮಷಿನ್ ಮಮ್ತಾಜ್ ಆಪಾ ಅವರದು. ನಾಟಿ ಮುಗಿದರೆ ಜವಳಗೇರಾ ಕಡೆಯ ಹೆಣ್ಣುಮಕ್ಕಳು ಬಟ್ಟೆ ತಂದು ಸುರಿಯುತ್ತಾರೆ, ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಅಂಥದ್ದರಲ್ಲೂ ನಾನು ಫೋನಿನಲ್ಲಿ ಪಾಠ ಕೇಳುವುದನ್ನು ಕಂಡು ಆಪಾ ಕೇಳಿದರು.

“ಊರಾಗ ನಾಕ್ ಭಾಷೆ ಅದಾವ. ಅವು ಬಿಟ್ಟು ಅದ್ಯಾಕ ಕಲಿಯಾಕತ್ತೀ ಬೇ?”

“ಇಲ್ಲಿ ಯಾರಿಗೂ ಬರಂಗಿಲ್ಲಲ್ರಿ ಆಪಾ. ತಪ್ಪು ಬರದ್ರ ನಗಾಕ ಯಾರದಾರ?”

“ಹಂಗಾದ್ರ ನಾ ನೋಡ್ತೀನಿ ತಗೊ” ಎಂದರು ಆಪಾ. ಮರುದಿನದಿಂದ ಅವರೇ ನನ್ನ ಪರೀಕ್ಷಕರು, ಇಂಗ್ಲಿಷ್ ಅಕ್ಷರವೂ ಬಾರದವರು! ಫೋನು ಹೇಳಿದ್ದನ್ನು ನಾನು ಬರೆಯುವುದು. ಅಳತೆ ಜಂಪರಿಗೆ ಹೊಸದನ್ನು ಹೊಂದಿಸಿ ನೋಡುವಂತೆ ಅವರು ಫೋನಿನ ಸರಿಯುತ್ತರದ ಪಕ್ಕ ನನ್ನ ಪುಸ್ತಕ ಹಿಡಿಯುವುದು.

“ನಿನ್ನದಕ್ಕ ಎರಡ ಕಾಲು. ಅದಕ್ಕ ಮೂರದಾವ ನೋಡು.”

ನಾನು ಎನ್ ಬರೆದಿದ್ದೆ, ಇರಬೇಕಾದದ್ದು ಎಮ್. ಬಿ, ಪಿ, ಎಮ್ ಅಕ್ಷರಗಳಿಗೆ ಮೊದಲು ಎನ್ ನಿಲ್ಲುವುದಿಲ್ಲ, ಎಮ್ಮೇ ಬರಬೇಕು ಎಂಬ ನಿಯಮ ಕಿವಿಗೆ ಬಿದ್ದಿತ್ತು, ಕೈಗೆ ಇಳಿದಿರಲಿಲ್ಲ. ಪದವೋ ‘ಝಾಂಬ್’, ಅರ್ಥ ಕಾಲು! ನಗುವ ಬದಲು ಮಾಸ್ತರ ತರಗತಿ ನೆನಪಾಯಿತು. ಪುಸ್ತಕ ಮುಚ್ಚಿಬಿಟ್ಟೆ.

“ತೋಳು ಉಲ್ಟಾ ಹಚ್ಚಿದ್ರ ಅಳ್ಕೋಂತ ಮನೀಗೆ ಹೋಗ್ತೀ ಏನು? ಬಿಚ್ಚು, ಮತ್ತ ಹೊಲಿ” ಎಂದು ಆಪಾ ಪುಸ್ತಕ ತೆರೆದು ಕೊಟ್ಟರು.

ದಿನವೂ ಹೊಲಿಗೆ ಬಿಚ್ಚುತ್ತೇನೆ. ಅದಕ್ಕೆ ಯಾರೂ ನಕ್ಕಿಲ್ಲ, ನಾನೂ ನಾಚಿಲ್ಲ. ಅಂದು ಆ ಪದವನ್ನು ಪುಟದ ತುಂಬ ಬರೆದೆ. ಆ ನಿಯಮ ಇವತ್ತಿಗೂ ನೆನಪಿದೆ. ಉಳಿದ ಫ್ರೆಂಚ್ ಮರೆತಿದೆ, ಅದಕ್ಕೆ ಫ್ರಾನ್ಸಿಗೇನೂ ದುಃಖವಿಲ್ಲ.

ಅಂಕಪಟ್ಟಿ ಕೊನೆಗೂ ಸಿಕ್ಕಿತು. ಹತ್ತನೆಯ ತರಗತಿಯ ಪರೀಕ್ಷೆಗೆ ಖಾಸಗಿ ಅಭ್ಯರ್ಥಿಯಾಗಿ ಕೂರುತ್ತಿದ್ದೇನೆ, ಅರ್ಜಿಗೆ ಅದು ಬೇಕು. ನನಗೆ ಭಯವಿರುವುದು ಕನ್ನಡದ್ದೇ. ಈಗ ಲಿಂಗಸುಗೂರಿನಲ್ಲಿ ಮಗಳ ಮನೆಯಲ್ಲಿರುವ ಆಪಾಗೆ ಫೋನ್ ಹಚ್ಚಿದೆ. ಉಕ್ತಲೇಖನ ಹೇಳಿರಿ, ಬರೆದದ್ದರ ಫೋಟೊ ಕಳಿಸುತ್ತೇನೆ ಎಂದೆ.

“ಕನ್ನಡ ನನಗ ಓದಾಕ ಬರ್ತೈತಿ ಬೇ. ತಪ್ಪಾದ್ರ ಈ ಸಲ ನಗ್ತೀನಿ ನೋಡು.”

“ನಗ್ರಿ ಆಪಾ. ನಕ್ಕು, ಮುಂದಿನ ಪದ ಹೇಳ್ರಿ.”