ಸದ್ದಿನ ಜೀಪು

ಆ ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಾಲಾನಗರದ ನಮ್ಮ ಬಾಡಿಗೆ ಮನೆಯ ಮುಂದೆ ಜೀಪು ಬಂದು ನಿಂತಿತು. ಅದು ಬರುವುದು ಎರಡು ಬೀದಿ ಆಚೆಯಿಂದಲೇ ಗೊತ್ತಾಗುತ್ತಿತ್ತು. ಅದರ ಸದ್ದು ಕೇಳಿದ ಮೇಲೆ ನಾನು ಸ್ಟೌ ಹಚ್ಚಿ ಅನ್ನಕ್ಕಿಡುತ್ತಿದ್ದೆ. ಮೂವರೂ ಕೈಕಾಲು ತೊಳೆದು, ಯಾರ ತಪ್ಪಿನಿಂದ ಈ ವಾರವೂ ಏನೂ ಸಿಗಲಿಲ್ಲ ಎಂದು ಮಾತಾಡಿ ಮುಗಿಸುವಷ್ಟರಲ್ಲಿ ಅನ್ನ ಆಗಿರುತ್ತಿತ್ತು.

ಮೂವರೆಂದರೆ ನನ್ನ ಗಂಡ, ಅವರ ಕಾರ್ಖಾನೆಯ ಫೋರ್‌ಮನ್ ಸಾಹೇಬರು, ಮತ್ತು ಅಲ್ಲಿಯ ಸ್ಟೋರ್‌ಕೀಪರ್. ಸಾಹೇಬರು ಬೀದರಿನವರು, ಸ್ಟೋರ್‌ಕೀಪರ್ ರಾಯಚೂರಿನವನು, ನಾವು ಬಾಗಲಕೋಟೆ ಕಡೆಯವರು. ಕಾರ್ಖಾನೆಯಲ್ಲಿ ಕನ್ನಡ ಮಾತಾಡುತ್ತಾ ಸ್ನೇಹವಾಗಿ, ಮೂವರೂ ಸೇರಿ ಒಂದು ಜೀಪು ತೆಗೆದುಕೊಂಡು ಭಾನುವಾರ ನಸುಕಿನಲ್ಲಿ ನರಸಾಪುರದ ಕಾಡಿಗೆ ಶಿಕಾರಿಗೆ ಹೋಗುತ್ತಿದ್ದರು. ಆಗ ಅದಕ್ಕಿನ್ನೂ ಪರವಾನಗಿ ಸಿಗುತ್ತಿತ್ತು. ಬಂದೂಕು, ಪರವಾನಗಿ ಎರಡೂ ಸಾಹೇಬರವು. ಸ್ಟೋರ್‌ಕೀಪರನ ಕೆಲಸ ಹಂದಿಯ ಹೆಜ್ಜೆ ನೋಡುವುದು. ನನ್ನವರ ಕೆಲಸ ಗಾಡಿ ನಡೆಸುವುದು.

“ಏನ್ ಸಿಕ್ಕಿತ್ರಿ?” ಎಂದು ಕೇಳಿದೆ. ಪ್ರತಿ ವಾರ ಕೇಳುತ್ತಿದ್ದೆ.

“ಹಸಿವಿ ಸಿಕ್ಕದ, ತಂಗಿ,” ಎಂದರು ಸಾಹೇಬರು.

ಊಟವಾಯಿತು. ಅವರಿಬ್ಬರೂ ಹೋದರು. ನನ್ನವರು ಜೀಪು ತೊಳೆದರು, ಸ್ವಲ್ಪ ಮಲಗಿದರು, ಎದ್ದು ಮಗಳ ಲೆಕ್ಕದ ಪುಸ್ತಕ ನೋಡಿ ಎರಡು ತಪ್ಪು ಹುಡುಕಿದರು. ಒಂದು ನಿಜವಾಗಿ ತಪ್ಪಾಗಿರಲಿಲ್ಲ. ರಾತ್ರಿ ಊಟ ಮಾಡುವಾಗ, ಆ ಸೈಲೆನ್ಸರ್ ಇನ್ನೊಮ್ಮೆ ಬಿಚ್ಚಬೇಕು ಎಂದರು.

ಸೋಮವಾರ ಅವರು ಲೇತ್ ಮಶೀನು ನಿಲ್ಲಿಸಿ, ಕೈ ಒರೆಸಿಕೊಂಡು, ಸ್ಟೂಲಿನ ಮೇಲೆ ಕೂತರಂತೆ. ಮತ್ತೆ ಏಳಲಿಲ್ಲ. ಎದೆಯ ಕಾಯಿಲೆ ಇತ್ತು ಎಂದು ಆಮೇಲೆ ಡಾಕ್ಟರು ಹೇಳಿದರು. ಅದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಊರಿನಿಂದ ಬಂದ ನೆಂಟರು, ಕೊನೆಗೆ ಏನು ಹೇಳಿದರು ಎಂದು ನನ್ನನ್ನು ಕೇಳಿದರು. ಸೈಲೆನ್ಸರ್ ಬಿಚ್ಚಬೇಕು ಅಂದರು ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಇನ್ನೊಬ್ಬರು ಬಂದು ಮತ್ತೆ ಅದನ್ನೇ ಕೇಳಿದರು.

ಆ ಜೀಪನ್ನು ಆರಿಸಿದ ದಿನ ನಾನೂ ಜೊತೆಯಲ್ಲಿದ್ದೆ. ಅದಕ್ಕೆ ಮೂರು ವರ್ಷ ಹಿಂದೆ, ಸಿಕಂದರಾಬಾದಿನಲ್ಲಿ ಮಗಳಿಗೆ ಬಟ್ಟೆ ತರೋಣ ಎಂದು ನನ್ನವರು ಕರೆದುಕೊಂಡು ಹೋಗಿ, ಮಿಲಿಟರಿ ಹರಾಜಿನಲ್ಲಿ ಹಳೆಯ ಗಾಡಿ ಹಿಡಿದು ಮಾರುವ ಒಬ್ಬನ ಅಂಗಳದಲ್ಲಿ ನಿಲ್ಲಿಸಿದರು. ಅಲ್ಲಿ ಉಳಿದ ಇಬ್ಬರು ಮೊದಲೇ ಬಂದು ಕಾಯುತ್ತಿದ್ದರು. ಬಟ್ಟೆಯ ಅಂಗಡಿಗೆ ಆ ದಿನ ಹೋಗಲಾಗಲಿಲ್ಲ.

ಅಂಗಳದಲ್ಲಿ ಎರಡು ಜೀಪುಗಳಿದ್ದವು. ಒಂದು ಪೆಟ್ರೋಲಿನದು. ಅದರ ಇಂಜಿನ್ ಹುಟ್ಟಿದಾಗಿನಿಂದ ಅದರದೇ. ಹೊಲಿಗೆ ಮಶೀನಿನಷ್ಟು ಸದ್ದು ಮಾಡುತ್ತಿತ್ತು. ಸೀಟುಗಳೂ ಚೆನ್ನಾಗಿದ್ದವು. ಇನ್ನೊಂದರ ಮೊದಲ ಇಂಜಿನ್ ತೆಗೆದು ಯಾರೋ ಡೀಸೆಲ್ ಇಂಜಿನ್ ಕೂರಿಸಿದ್ದರು. ಅದನ್ನು ಚಾಲೂ ಮಾಡಿದಾಗ ಬೇವಿನ ಮರದ ಕಾಗೆಗಳೆಲ್ಲ ಎದ್ದವು, ಮಾರುವವನ ಹೆಂಡತಿ ಒಳಗಿನಿಂದ ಬಂದು ಹಗ್ಗದ ಮೇಲಿನ ಬಟ್ಟೆ ತೆಗೆದುಕೊಂಡು ಹೋದಳು.

ಅಂಗಳದ ಹಿಂದೆ ಒಂದು ಕೆರೆ, ಅದರ ಪಕ್ಕ ಬಂಡೆಗಳ ಇಳಿಜಾರು. ಎರಡನ್ನೂ ಅಲ್ಲಿ ಓಡಿಸಿ ನೋಡಿದರು. ಪೆಟ್ರೋಲ್ ಜೀಪು ಕೆರೆಯ ಅಂಚಿನ ಕೆಸರಿನಲ್ಲಿ ಹೂತುಕೊಂಡಿತು. ಮುಂದಿನ ಗಾಲಿಗಳನ್ನು ತಿರುಗಿಸುವ ಶಾಫ್ಟನ್ನು ಯಾರೋ ಮೊದಲೇ ಬಿಚ್ಚಿಕೊಂಡಿದ್ದರು. ನಾಲ್ಕು ಗಾಲಿ ಎಳೆಸುವ ಹಿಡಿಕೆ ಮಾತ್ರ ಇತ್ತು. ಅದನ್ನು ಎಳೆದರೆ ಹಿಡಿಕೆಯೇ ಕೈಗೆ ಬರುತ್ತಿತ್ತು. ಸ್ಟೋರ್‌ಕೀಪರ್ ಹಿಂದಿನಿಂದ ತಳ್ಳಿದ. ಆ ದಿನ ಅವನು ಬಿಳಿ ಪ್ಯಾಂಟು ಹಾಕಿದ್ದ.

ಡೀಸೆಲ್ ಜೀಪು ಅದೇ ಕೆಸರಿನಲ್ಲಿ ಇಳಿದು, ಎದ್ದು, ಬಂಡೆ ಹತ್ತಿ ನಿಂತಿತು.

“ಕಾಡಿಗೆ ಇದ ಸರಿ,” ಎಂದರು ನನ್ನವರು. “ನಾಕೂ ಗಾಲಿ ಎಳಿತಾವ. ಕೆಟ್ಟ ನಿಂತ್ರ ಯಾವ ಹಳ್ಳ್ಯಾಗರ ಡೀಸೆಲ್ ಪಂಪ್ ರಿಪೇರಿ ಮಾಡಾಂವ ಸಿಗ್ತಾನ. ಎಣ್ಣಿನೂ ಕಡಿಮಿ ಕುಡಿತೈತಿ.”

“ಎಲ್ಲಾ ಖರೆ,” ಎಂದರು ಸಾಹೇಬರು. “ಆದ್ರ ಇದರ ಆವಾಜಿಗೆ ನರಸಾಪುರದ ಹಂದಿ ಮೇದಕ್ ಮುಟ್ತಾವ.”

“ಸೈಲೆನ್ಸರ್ ನಾ ಸರಿ ಮಾಡ್ತೀನ್ರಿ. ಅದೇನ್ ದೊಡ್ಡ ಕೆಲಸ.”

ಸ್ಟೋರ್‌ಕೀಪರ್ ಕೆಸರಾದ ಪ್ಯಾಂಟು ತೋರಿಸಿ, ತಳ್ಳಬೇಕಾಗಿಲ್ಲದ ಗಾಡಿಯೇ ಬೇಕು ಎಂದ. ನಂತರ ನನ್ನ ಕಡೆ ತಿರುಗಿದ. “ನಿಮಗ ಯಾವುದು ಅನಸ್ತೈತಿ, ವೈನಿ?”

ನಾನು ಚೆನ್ನಾದ ಸೀಟುಗಳಿದ್ದ ಪೆಟ್ರೋಲ್ ಜೀಪನ್ನು ತೋರಿಸಿದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಡೀಸೆಲ್ ಜೀಪು ಬಂತು, ಮೂವರ ಹೆಸರಿನಲ್ಲಿ.

ಆಮೇಲಿನ ಮೂರು ವರ್ಷದಲ್ಲಿ ಒಂದು ಮೊಲ ಕೂಡ ಬರಲಿಲ್ಲ. ಮೊದಲಿಗೆ ಸಾಹೇಬರ ಹೆಂಡತಿ ಭಾನುವಾರ ಮಸಾಲೆ ಅರೆದಿಟ್ಟು ಕಾಯುತ್ತಿದ್ದರು. ಎರಡು ತಿಂಗಳಾದ ಮೇಲೆ ಬಿಟ್ಟರು. ನಾನು ಕಟ್ಟಿಕೊಡುವ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯಲ್ಲಿ ಮೂವರ ಶಿಕಾರಿ ನಡೆಯುತ್ತಿತ್ತು. ಮೊದಲು ಒಂಬತ್ತು ರೊಟ್ಟಿ ಕೊಡುತ್ತಿದ್ದೆ, ಆಮೇಲೆ ಹದಿನೈದಾಯಿತು. ನಾವು ಲಿಂಗಾಯತರು, ಮನೆಯಲ್ಲಿ ಮಾಂಸ ಮಾಡುವುದಿಲ್ಲ. ಶಿಕಾರಿಯ ಸುದ್ದಿ ಊರಿಗೆ ಮುಟ್ಟಿ ಅತ್ತೆಯವರು ಕೇಳಿದಾಗ, “ನಾ ಗಾಡಿ ಅಷ್ಟ ನಡಸಾಂವ, ಅವ್ವಾ,” ಎಂದಿದ್ದರು ನನ್ನವರು.

ಸೈಲೆನ್ಸರನ್ನು ಅವರು ಮೂರು ಸಲ ಬಿಚ್ಚಿದರು. ಪ್ರತಿ ಸಲವೂ ಜೋಡಿಸಿದ ಮೇಲೆ ಸದ್ದು ಹಿಂದಿಗಿಂತ ಸ್ವಲ್ಪ ಹೆಚ್ಚೇ ಆಯಿತು.

ಅವರು ತೀರಿಕೊಂಡು ಮೂರನೆಯ ತಿಂಗಳು ಸಾಹೇಬರೂ ಸ್ಟೋರ್‌ಕೀಪರನೂ ಬಂದರು. ಅಷ್ಟು ದಿನ ಜೀಪು ನಮ್ಮ ಗೋಡೆಯ ಪಕ್ಕದಲ್ಲೇ ನಿಂತಿತ್ತು. ಚಹಾ ಕೊಟ್ಟೆ. ಸ್ಟೋರ್‌ಕೀಪರ್ ಬಹಳ ಹೊತ್ತು ಬಟ್ಟಲನ್ನು ತಿರುಗಿಸುತ್ತಾ ಕೂತ. ಕೊನೆಗೆ ವಿಷಯ ಹೇಳಿದ. ಆ ಪೆಟ್ರೋಲ್ ಜೀಪು ಇನ್ನೂ ಅದೇ ಅಂಗಳದಲ್ಲಿದೆ, ಮಾರುವವನು ಬದಲಿ ಕೊಡಲು ಒಪ್ಪಿದ್ದಾನೆ, ಕಾಗದಕ್ಕೆ ನನ್ನ ಸಹಿ ಬೇಕು.

“ಅದಕ್ಕ ಮುಂದಿನ ಶಾಫ್ಟ್ ಇಲ್ಲಲ್ರಿ,” ಎಂದೆ.

ಸಾಹೇಬರು ನಕ್ಕರು. “ತಂಗಿ, ಶಾಫ್ಟ್ ನಮ್ಮ ಶಾಪಿನಾಗ ಎರಡು ದಿನದ ಕೆಲಸ. ಅವಾಗೂ ಅಷ್ಟೇ ಇತ್ತು. ನಿಮ್ಮ ಯಜಮಾನ್ರು ವಿಮಾನದ ಸಾಮಾನು ಕೂದಲೆಳಿ ಅಳತಿಗೆ ತಿರುವಾವ್ರು. ಅವರಿಗೆ ಗೊತ್ತಿರಲಿಲ್ಲೇನು?”

“ಮತ್ತ್ಯಾಕ ಹೇಳಲಿಲ್ಲ?” ಎಂದು ಕೇಳಿದವನು ಸ್ಟೋರ್‌ಕೀಪರ್.

“ನೀ ಯಾಕ ಕೇಳಲಿಲ್ಲ? ಪ್ಯಾಂಟ್ ನೋಡ್ಕೋತ ನಿಂತಿದ್ದಿ.” ಸಾಹೇಬರು ನನ್ನ ಕಡೆ ತಿರುಗಿದರು. “ಒಂದು ಸೈಲೆನ್ಸರ್ ಮೂರು ವರ್ಷ ಆದ್ರೂ ಅವರಿಗೆ ಬಗಿಹರೀಲಿಲ್ಲ. ಕಾಡಿನಾಗ ಗಾಡಿ ನಿಂದರ್ಸಿದ್ರ, ಬಂದ್ ಮಾಡೂದಕ್ಕ ಮೊದಲ ಒಮ್ಮೆ ರೇಸ್ ಕೊಟ್ಟು ಜೋರು ಎಬ್ಬಸ್ತಿದ್ರು. ಇಂಜಿನ್ನಿಗೆ ಛಲೋ ಅಂತಿದ್ರು. ನನಗ ಮೊದಲನೇ ವರ್ಷನೇ ಸಂಶಯ ಬಂದದ.”

ಸ್ಟೋರ್‌ಕೀಪರ್ ಬಟ್ಟಲನ್ನು ಕೆಳಗಿಟ್ಟ. “ಅಂದ್ರ ಬೇಕಂತನ ಹಂದಿ ಓಡಸ್ತಿದ್ದನೇನು? ಮೂರು ವರ್ಷ ನನ್ನ ಆಯ್ತವಾರ ಎಲ್ಲಾ ಹಾಳು ಮಾಡಿದನಲ್ರಿ. ನಾ ಹೆಜ್ಜಿ ನೋಡಿ ನೋಡಿ ಸೊಂಟ ಮುರಕೊಂಡೀನಿ.” ಎದುರಿಗೆ ನಾನು ಕೂತಿದ್ದೇನೆ ಎಂದು ಆಮೇಲೆ ನೆನಪಾಗಿ, “ತಪ್ಪ ತಿಳಕೋಬ್ಯಾಡ್ರಿ, ವೈನಿ,” ಎಂದ.

“ನೀವು ಅವರನ್ನ ಕೇಳಲಿಲ್ಲೇನ್ರಿ?” ಎಂದೆ ಸಾಹೇಬರಿಗೆ.

“ಕೇಳಿ, ಹೌದು ಅಂದ್ರ ಮುಂದ? ಇಂಥ ಡ್ರೈವರ್ ಎಲ್ಲಿ ಸಿಗ್ತಾನ? ಮ್ಯಾಲ ರೊಟ್ಟಿ ಬ್ಯಾರೆ.”

ನಾನು ಆ ದಿನ ಸಹಿ ಮಾಡಲಿಲ್ಲ.

ಅವರು ಹೋದ ಮೇಲೆ ಯೋಚಿಸುತ್ತಾ ಕೂತೆ. ಹದಿನಾರು ವರ್ಷ ಸಂಸಾರ ಮಾಡಿದ ಮನುಷ್ಯ, ಪ್ರಾಣಿಗಳನ್ನು ಉಳಿಸಲು ಸದ್ದಿನ ಜೀಪು ಆರಿಸಿದರೇ? ಹಾಗೆ ಒಂದು ವಿಷಯವನ್ನು ಮೂರು ವರ್ಷ ನನ್ನಿಂದಲೂ ಮುಚ್ಚಿಟ್ಟರೇ? ಅವರು ಅಂಥವರೆಂದು ಹೇಳಲು ನನ್ನ ಹತ್ತಿರ ಬೇರೆ ಆಧಾರವಿರಲಿಲ್ಲ. ಮನೆಯಲ್ಲಿ ಬೋನಿಗೆ ಇಲಿ ಬಿದ್ದರೆ ಬೋನು ಸಮೇತ ಬಕೆಟ್ಟಿನಲ್ಲಿ ಮುಳುಗಿಸಿ ತಾವು ಹೊರಗೆ ಬೀಡಿ ಸೇದುತ್ತಿದ್ದರು. ತಿಗಣೆಗಳಿಗಂತೂ ಅವರು ಬಿಸಿನೀರು ಬಿಟ್ಟು ಬೇರೆ ಏನನ್ನೂ ತೋರಿಸಲಿಲ್ಲ. ಇನ್ನೊಂದು ಕಡೆ, ಯಾವ ಸಾಮಾನು ಕೊಂಡರೂ ಅದು ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಎಂದೇ ಮೊದಲು ಕೇಳುತ್ತಿದ್ದರು. ಜೀಪಿನ ವಿಷಯದಲ್ಲೂ ಅಷ್ಟೇ ಇದ್ದಿರಬಹುದು. ಸೈಲೆನ್ಸರಿನ ವಿಷಯದಲ್ಲಿ ಮನೆಯ ನಲ್ಲಿಯೂ ನೆನಪಾಯಿತು. ಕಾರ್ಖಾನೆಯಲ್ಲಿ ಅಷ್ಟು ಸೂಕ್ಷ್ಮ ಕೆಲಸ ಮಾಡುವವರು ಆ ನಲ್ಲಿಯನ್ನು ಒಂದು ವರ್ಷ ಸೋರಲು ಬಿಟ್ಟಿದ್ದರು. ಅದರಿಂದ ಯಾವ ಪ್ರಾಣಿಯೂ ಉಳಿಯುವಂತಿರಲಿಲ್ಲ.

ನಮ್ಮ ಬೀದಿಯಲ್ಲಿ ಬಸ್ ಡಿಪೋದ ಮೆಕ್ಯಾನಿಕ್ ಒಬ್ಬರಿದ್ದರು. ಡೀಸೆಲ್ ಇಂಜಿನ್ನನ್ನು ಬಂದ್ ಮಾಡುವ ಮೊದಲು ಜೋರಾಗಿ ಎಬ್ಬಿಸಿದರೆ ಒಳ್ಳೆಯದೇ ಎಂದು ಅವರನ್ನು ಹಿಂದಿಯಲ್ಲಿ ಕೇಳಿದೆ. ಕೆಲವರು ಒಳ್ಳೆಯದು ಅನ್ನುತ್ತಾರೆ, ಕೆಲವರು ಕೆಟ್ಟದ್ದು ಅನ್ನುತ್ತಾರೆ ಎಂದರು. ನೀವೇನು ಮಾಡುತ್ತೀರಿ ಎಂದು ಕೇಳಿದೆ. ನಾವು ರಿಪೇರಿ ಮಾಡುತ್ತೇವೆ, ಓಡಿಸುವುದಿಲ್ಲ ಎಂದರು.

ಸಹಿ ಮಾಡುವ ಮೊದಲು ಒಂದು ಸಲ ನನ್ನನ್ನು ಆ ಕಾಡಿಗೆ ಕರೆದುಕೊಂಡು ಹೋಗಿ ಎಂದು ಸಾಹೇಬರಿಗೆ ಹೇಳಿ ಕಳಿಸಿದೆ. ಮುಂದಿನ ಭಾನುವಾರ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೊರಟೆ. ಸ್ಟೋರ್‌ಕೀಪರ್ ಗಾಡಿ ನಡೆಸಿದ. ಗೇರ್ ಹಾಕುವಾಗಲೆಲ್ಲ ಸಾಹೇಬರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಟಾರು ರಸ್ತೆ ಬಿಟ್ಟು ಬಂಡಿದಾರಿಗೆ ಇಳಿದೆವು. ಎರಡೂ ಕಡೆ ಸೀತಾಫಲದ ಗಿಡಗಳು, ಸಾಗವಾನಿ, ನಡುನಡುವೆ ದೊಡ್ಡ ಬಂಡೆಗಳು. ದಾರಿಯಲ್ಲಿ ಹಿಂದಿನ ಮಳೆಯಲ್ಲಿ ಬಿದ್ದ ಕೊರಕಲುಗಳಿದ್ದವು. ಜೀಪು ಅವನ್ನೆಲ್ಲ ದಾಟಿತು. ಗಾಡಿ ಒಳ್ಳೆಯದೇ. ನನ್ನ ಸೊಂಟಕ್ಕೆ ಆ ಸೀಟು ಮಾತ್ರ ಆಗಲಿಲ್ಲ.

ಒಂದು ಹಳ್ಳದ ಹತ್ತಿರ ಸಾಹೇಬರು ಕೈ ಎತ್ತಿದರು. “ಇಲ್ಲೇ ನಿಂದರಸ್ತಿದ್ರು.”

ಸ್ಟೋರ್‌ಕೀಪರ್ ನಿಲ್ಲಿಸಿದ. ನನ್ನ ಮುಖ ನೋಡಿದ. “ಅವರು ಮಾಡಿದಂಗ ಮಾಡ್ಲೇನ್ರಿ?” ಎಂದ. ನಾನು ಹೂಂ ಅಂದೆ. ಅವನು ಒಮ್ಮೆ ಜೋರಾಗಿ ಎಬ್ಬಿಸಿ ಬಂದ್ ಮಾಡಿದ. ಬಹಳ ದೂರದಲ್ಲಿ, ಗುಂಡು ಮುಟ್ಟದಷ್ಟು ದೂರದಲ್ಲಿ, ಪೊದೆಗಳಿಂದ ಹಕ್ಕಿಗಳ ಒಂದು ಗುಂಪು ಎದ್ದು ಹೋಯಿತು. ಆಮೇಲೆ ಏನೂ ಇಲ್ಲ. ಸಾಹೇಬರು ಬಂದೂಕನ್ನು ಚೀಲದಿಂದ ತೆಗೆದೇ ಇರಲಿಲ್ಲ.

“ಪ್ರತಿ ವಾರಾ ಹಿಂಗೇ ಇತ್ತೇನ್ರಿ?”

“ಪ್ರತಿ ವಾರಾ ಹಿಂಗೇ,” ಎಂದರು ಅವರು.

“ನಿಮಗ ಬ್ಯಾಸರ ಆಗ್ತಿರಲಿಲ್ಲೇನು?”

ಸಾಹೇಬರು ಬಂದೂಕಿನ ಚೀಲವನ್ನು ಸೀಟಿನ ಮೇಲಿಟ್ಟರು. “ನನಗ ಅರವತ್ತು ಹತ್ರ ಬಂತು, ತಂಗಿ. ಹಂದಿ ಸಿಕ್ಕರ ಅದನ್ನ ಹೊರಾವ್ರು ಯಾರು?”

“ನಾ ಇರಲಿಲ್ಲೇನು?” ಎಂದ ಸ್ಟೋರ್‌ಕೀಪರ್. ಅವನಿಗೆ ಈಗ ನನ್ನವರ ಮೇಲೂ ಸಾಹೇಬರ ಮೇಲೂ ಸಿಟ್ಟು ಬಂದಿತ್ತು.

ಬಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿದೆ. ಹದಿನೈದು ರೊಟ್ಟಿ ತಂದಿದ್ದೆ. ಐದು ಉಳಿದವು. ಉಳಿದುದನ್ನು ಮೂವರೂ ನೋಡಿದೆವು. ನಾನು ಮತ್ತೆ ಅರಿವೆಯಲ್ಲಿ ಕಟ್ಟಿದೆ.

ವಾಪಸು ಬರುವಾಗ ತೀರ್ಮಾನ ಹೇಳಿದೆ. ನನ್ನವರು ಬೇಕೆಂದೇ ಮಾಡಿದ್ದರೆ ಡೀಸೆಲ್ ಜೀಪೇ ಇರಬೇಕು. ಬೇಕೆಂದು ಮಾಡಿರದಿದ್ದರೆ ಅವರು ಅಂಗಳದಲ್ಲಿ ಹೇಳಿದ ಕಾರಣಗಳೇ ಕಾರಣಗಳು, ಆಗಲೂ ಡೀಸೆಲ್ ಜೀಪೇ ಇರಬೇಕು. ಯಾವ ಕಡೆಯಿಂದ ಬಂದರೂ ಉತ್ತರ ಒಂದೇ. ಇಷ್ಟನ್ನೂ ಹೇಳಲಿಲ್ಲ. “ಏರಿಗೆ ಇದ ಛಲೋ ಎಳಿತೈತಿ, ಇದ ಇರಲಿ,” ಎಂದೆ ಅಷ್ಟೇ. ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಮನೆಯ ಮುಂದೆ ಇಳಿದ ಮೇಲೆ ಮತ್ತೊಮ್ಮೆ ಹೇಳಬೇಕಾಯಿತು.

“ನನಗ ಗೊತ್ತಿತ್ತು,” ಎಂದ ಸ್ಟೋರ್‌ಕೀಪರ್. ಆದರೂ ಮುಂದೆ ಒಂದೂವರೆ ವರ್ಷ ಆ ಜೀಪನ್ನು ಅವನೇ ನಡೆಸಿದ. ಸೈಲೆನ್ಸರನ್ನು ಬೇರೆಯವರಿಗೆ ತೋರಿಸುತ್ತೇನೆ ಎಂದು ಅನ್ನುತ್ತಿದ್ದ, ತೋರಿಸಲಿಲ್ಲ. ಏಕೆಂದು ನಾನು ಕೇಳಲಿಲ್ಲ. ಆಮೇಲೆ ಶಿಕಾರಿಯೇ ನಿಂತುಹೋಯಿತು, ಕಾನೂನು ಬಂತು. ಜೀಪನ್ನು ಪಟಾನ್‌ಚೆರುವಿನ ಕಡೆಯ ಒಬ್ಬ ರೈತನಿಗೆ ಕೊಟ್ಟೆವು. ಅವನಿಗೆ ಬಾವಿಗೆ ಕೂರಿಸಲು ಇಂಜಿನ್ ಬೇಕಾಗಿತ್ತು. ಉಳಿದುದನ್ನು ಅವನು ಏನು ಮಾಡಿದನೋ ತಿಳಿಯದು.

ಜೀಪಿನ ವಿಷಯ ಹೀಗೆ ಮುಗಿಯಿತು. ನನ್ನವರದು ಮುಗಿಯಲಿಲ್ಲ. ನನ್ನ ಗಂಡ ಮೂರು ವರ್ಷ ಪ್ರತಿ ಭಾನುವಾರ ಕಾಡಿನ ಪ್ರಾಣಿಗಳನ್ನು ಓಡಿಸಿ ಉಳಿಸಿದವರೋ, ಸೈಲೆನ್ಸರ್ ಕೆಲಸ ಬರದೆ ಒಪ್ಪಿಕೊಳ್ಳಲು ನಾಚಿದವರೋ ನನಗೆ ಗೊತ್ತಿಲ್ಲ. ಮಗಳು ದೊಡ್ಡವಳಾದ ಮೇಲೆ ಕೇಳಿದಳು. ನನಗೆ ಗೊತ್ತಿಲ್ಲ ಎಂದೇ ಅವಳಿಗೂ ಹೇಳಿದೆ. ಅವರು ಇದ್ದಾಗ ನಾನು ಭಾನುವಾರ ಕೇಳುತ್ತಿದ್ದುದು ಏನು ಸಿಕ್ಕಿತು ಎಂದು. ಯಾಕೆ ಸಿಗುತ್ತಿಲ್ಲ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಅವರು ಏನು ಹೇಳುತ್ತಿದ್ದರೋ, ಆ ಮಾತು ನನ್ನ ಹತ್ತಿರ ಇಲ್ಲ.