ವಿಮಲಾಬಾಯಿಯ ಬಿಳಿ ಕಾರು

1979ರಲ್ಲಿ ನಾನು ಪುಣೆಯ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೆ ಕಾರು ಓಡಿಸಲು ಕಲಿಸುತ್ತಿದ್ದೆ. ನನ್ನ ತಂದೆ ದೇಹೂ ರೋಡಿನಲ್ಲಿ ಮಿಲಿಟರಿ ಟ್ರಕ್ ಓಡಿಸುತ್ತಿದ್ದರು. ನನ್ನ ಕೈಗೆ ಸ್ಟಿಯರಿಂಗ್ ಕೊಟ್ಟವರು ಅವರೇ. ಆಗ ಈ ಕೆಲಸದಲ್ಲಿ ಹೆಂಗಸರು ಅಪರೂಪ. ಹಾಗಾಗಿ ದೊಡ್ಡ ಮನೆತನದ ಸೊಸೆಯಂದಿರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು.

ವಿಮಲಾಬಾಯಿ ಬಂದದ್ದೂ ಹಾಗೆಯೇ. ಧಾರವಾಡದ ಸಿರಿವಂತರ ಮಗಳು, ಪುಣೆಯ ದೊಡ್ಡ ಗುತ್ತಿಗೆದಾರರ ಸೊಸೆ. ಮದುವೆಯಲ್ಲಿ ತಂದೆ ಆಕೆಯ ಹೆಸರಿನಲ್ಲೇ ಒಂದು ಬಿಳಿ ಕಾರು ಕೊಟ್ಟಿದ್ದರು. ಆರು ವರ್ಷವಾದರೂ ಆಕೆ ಕೂತದ್ದು ಹಿಂದಿನ ಸೀಟಿನಲ್ಲಿ, ಅದೂ ಮಾವ ಒಪ್ಪಿದ ದಿನ ಮಾತ್ರ. ಮನೆಯಲ್ಲಿ ಕಸೂತಿ ಕ್ಲಾಸೆಂದು ಹೇಳಿ ನನ್ನ ಬಳಿ ಬರುತ್ತಿದ್ದರು. ಕೈಗೆ ಹತ್ತದೆ ಕಾಡಿದ್ದು ಹಾಫ್ ಕ್ಲಚ್. ಏರಿನಲ್ಲಿ ನಿಂತ ಗಾಡಿ ಹಿಂದಕ್ಕೆ ಜಾರದಂತೆ, ಕ್ಲಚ್ ಅರ್ಧ ಬಿಟ್ಟು ಆ್ಯಕ್ಸಿಲರೇಟರ್ ಒತ್ತುವ ಹದ ಅದು. ಎಂಜಿನ್ ಎಷ್ಟು ಸಲ ನಿಂತರೂ "ಇನ್ನೊಮ್ಮೆ ನೋಡೂಣ್ರಿ" ಎನ್ನುತ್ತಿದ್ದರು. ಕೊನೆಗೆ ಲೈಸನ್ಸ್ ಸಿಕ್ಕಿತು.

ಒಂದು ಭಾನುವಾರ ವಿಮಲಾಬಾಯಿಯ ಫೋನ್ ಬಂತು. "ಶಾಂತಾಬಾಯಿ, ಇವತ್ತ ನನ್ನ ಗಾಡಿ ಹೊರಗ ತೆಗೀತೀನ್ರಿ. ಬಾಜೂಕ ನೀವು ಇರ್ರಿ."

ಹೋಗಿ ನೋಡಿದರೆ ಬಂಗಲೆಯ ವರಾಂಡದ ತುಂಬ ಜನ. ನಾದಿನಿ ಸುಧಾಳ ಮದುವೆಯ ಮಾತುಕತೆ. ಗಂಡಿನವರು ಕಾರು ಕೇಳಿದ್ದರು, ಮಾವ ಸೊಸೆಯ ಕಾರನ್ನೇ ಕೊಡಲು ಒಪ್ಪಿಬಿಟ್ಟಿದ್ದರು. ವರ್ಗಾವಣೆಗೆ ಸಹಿ ಹಾಕು ಎಂದು ಗಂಡ ಹೇಳಿದಾಗಲೇ ವಿಮಲಾಬಾಯಿಗೆ ವಿಷಯ ತಿಳಿದದ್ದು.

"ವಿಮಲಾ, ಚಾವಿ ಕೊಡು. ಅವರಿಗೆ ಗಾಡಿ ತೋರಸಬೇಕು," ಎಂದರು ಗಂಡ.

"ನಾನ ತೋರಸ್ತೀನಿ. ನನ್ನ ಹೆಸರಿನ್ಯಾಗ ಅದ ಅದು."

ಗಂಡಿನ ತಂದೆ ನಕ್ಕರು. "ಸೊಸಿಗೆ ಗಾಡಿ ಹೊಡಿಯಾಕ ಬರತದೇನ್ರಿ?"

ವಿಮಲಾಬಾಯಿ ಹೋಗಿ ಚಾಲಕನ ಸೀಟಿನಲ್ಲಿ ಕೂತರು. ನಾನು ಪಕ್ಕದಲ್ಲಿ ಕೂತೆ. ನಮ್ಮ ಸ್ಕೂಲಿನ ಕಾರಿನಲ್ಲಾದರೆ ಕಲಿಸುವವರ ಕಾಲಬುಡದಲ್ಲೂ ಒಂದು ಬ್ರೇಕ್ ಇರುತ್ತದೆ, ಇಲ್ಲಿ ಇರಲಿಲ್ಲ. ಗ್ಯಾರೇಜಿನಿಂದ ಗೇಟಿನವರೆಗೆ ಕಡಿದಾದ ಏರು. ಗೇಟಿನ ಬಳಿ ಬೀಗರ ಕಾರು ನಿಂತು, ಉಳಿದದ್ದು ಒಂದೇ ಗಾಡಿಯಷ್ಟು ಜಾಗ. ಅರ್ಧ ಏರಿನಲ್ಲಿ ಎಂಜಿನ್ ನಿಂತಿತು. ವರಾಂಡದಲ್ಲಿ ನಗೆ. ಗಾಡಿ ಹಿಂದಕ್ಕೆ ಜಾರತೊಡಗಿತು. ನಾನು ಹ್ಯಾಂಡ್ ಬ್ರೇಕಿಗೆ ಕೈ ಚಾಚುವಷ್ಟರಲ್ಲಿ ವಿಮಲಾಬಾಯಿಯೇ ಅದನ್ನು ಎಳೆದಿದ್ದರು.

ಆಗ ಹಿಂದಿನ ಬಾಗಿಲು ತೆರೆಯಿತು. ಜರಿ ಸೀರೆ ಎತ್ತಿಕಟ್ಟಿಕೊಂಡು ಬರಿಗಾಲಲ್ಲಿ ಓಡಿಬಂದ ಸುಧಾ ಒಳಗೆ ಕೂತಳು! "ವೈನಿ, ನನ್ನೂ ಕರ್ಕೊಂಡು ಹೋಗ್ರಿ!"

ವಿಮಲಾಬಾಯಿ ಮತ್ತೆ ಎಂಜಿನ್ ಶುರು ಮಾಡಿದರು. ಅರ್ಧ ಕ್ಲಚ್, ಹದವಾಗಿ ಆ್ಯಕ್ಸಿಲರೇಟರ್. ಗಾಡಿ ಒಮ್ಮೆ ನಡುಗಿ, ಏರು ಹತ್ತಿ, ಬೀಗರ ಕಾರಿಗೆ ಕೂದಲೆಳೆಯಷ್ಟೂ ತಾಗದೆ ರಸ್ತೆಗೆ ಬಿತ್ತು. ಮೂವರೂ ಒಟ್ಟಿಗೆ ಕೂಗಿದೆವು!

ನೇರ ಲೋಣಾವಳಾಕ್ಕೆ ಹೋದೆವು. ದಾರಿಯಲ್ಲಿ ಸುಧಾ ಹೇಳಿದಳು: "ಗಾಡಿ ಪಸಂದ ಅದೇನು ಅಂತ ಅವರನ್ನ ಎಲ್ಲಾರೂ ಕೇಳಿದ್ರು. ಹುಡುಗ ಪಸಂದ ಅದಾನೇನು ಅಂತ ನನ್ನ ಯಾರೂ ಕೇಳಲಿಲ್ಲ."

ಸಂಜೆ ಮರಳಿದಾಗ ಮಾವ ಬಾಗಿಲಲ್ಲೇ ನಿಂತಿದ್ದರು. "ಬೀಗರು ಎದ್ದು ಹೋದ್ರು! ಮನಿತನದ ಮರ್ಯಾದಿ ಹೋತು!"

ಹಿಂದಿನಿಂದ ಅತ್ತೆಯ ದನಿ ಬಂತು. "ಹೋಗ್ಲಿ ಬಿಡ್ರಿ. ನಿಮ್ಮ ಮೊದಲನೇ ಗುತ್ತಿಗಿಗೆ ನನ್ನ ತವರಿನ ಬಂಗಾರ ಎಲ್ಲಾ ಹೋತು. ಆಗ ನನ್ನ ಒಂದ ಮಾತ ಕೇಳಿದ್ರೇನು?"

ಮಾವ ಬಾಗಿಲು ಬಿಟ್ಟು ಸರಿದರು. ಕಾರಿನ ವರ್ಗಾವಣೆಯ ಸುದ್ದಿಯನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಗಂಡ ಕೆಲವು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ತಾವೇ ಪಕ್ಕದ ಸೀಟಿನಲ್ಲಿ ಕೂರತೊಡಗಿದರಂತೆ. ಮುಂದಿನ ವಾರ ಸುಧಾ ನನ್ನ ಶಿಷ್ಯೆಯಾದಳು. ಅವಳನ್ನು ಕರೆತಂದು ಹೆಸರು ಹಚ್ಚಿಸಿದವರು ಅತ್ತೆಯೇ.

ತವರಿನವರು ಮಗಳಿಗೆಂದು ಕೊಟ್ಟದ್ದು ಎಷ್ಟು ಬೇಗ ಮಗಳದ್ದಲ್ಲದಂತಾಗುತ್ತದೆ ಎಂಬುದನ್ನು ನನಗೆ ತೋರಿಸಿದ್ದು ಈ ಕೆಲಸ. ಮುಂದೆ ನನ್ನಲ್ಲಿ ಕಲಿತ ಪ್ರತಿಯೊಬ್ಬಳಿಗೂ ಲೈಸನ್ಸ್ ಬಂದ ದಿನ ಹೇಳುತ್ತಿದ್ದೆ: "ಗಾಡಿ ನಿಮ್ಮ ಹೆಸರಿನ್ಯಾಗ ಇದ್ರ ಸಾಲದವ್ವ. ದಿನಾ ಒಂದ ಸಲನಾದ್ರೂ ನೀವ ಹೊರಗ ತೆಗೀರಿ."